ನಾಲ್ಕು ಕಡೆ ಬರೆದ ಒಂದು ವಿಳಾಸ

ಮೊನ್ನೆ ಕುಷ್ಟಗಿ ಬಸ್ ನಿಲ್ದಾಣದ ಹೊರಗೆ ಒಂದು ತಳ್ಳುಗಾಡಿಯ ಪಕ್ಕ ನಿಂತಿದ್ದೆ. ಯಲಬುರ್ಗಾದ ಬಸ್ಸು ಬರುವುದಿತ್ತು. ಬರುವುದಿತ್ತು ಎಂಬುದಕ್ಕಿಂತ ಹೆಚ್ಚಿನದನ್ನು ಆ ಬಸ್ಸಿನ ಬಗ್ಗೆ ಪ್ರಮಾಣ ಮಾಡಿ ಹೇಳಲಾಗದು. ಗಾಡಿಯ ತುಂಬ ಬಿರಿದ ದಾಳಿಂಬೆ. ದೂರದ ಪೇಟೆಗೆ ಹೋಗುವ ಯೋಗ್ಯತೆ ಕಳೆದುಕೊಂಡು, ಹೊಟ್ಟೆ ಸೀಳಿ, ಕಾಳು ತೋರಿಸುತ್ತ ಬಿಸಿಲಿಗೆ ಬಿದ್ದಿದ್ದವು. ಸೋರಿದ ರಸಕ್ಕೆ ಹುಳಿ ಹಿಡಿದು, ಅರ್ಧ ಹಣ್ಣಿನದೂ ಅರ್ಧ ಹೆಂಡದ್ದೂ ಆದ ಒಂದು ವಾಸನೆ ಎದ್ದಿತ್ತು. ಬೇರೆಯವರಿಗೆ ಅದರಿಂದ ಬಾಯಲ್ಲಿ ನೀರೂರುತ್ತಿರಬಹುದು. ನನಗೆ ಕಿವಿ ಬಿಸಿಯಾಗುತ್ತದೆ. ಐದು ವರ್ಷದ ಹಿಂದಿನ ಮುಂಗಾರಿನಲ್ಲಿ ಹನುಮಸಾಗರದ ಒಂದು ತೋಟದಲ್ಲಿ ಇದೇ ವಾಸನೆ ಎದ್ದಿತ್ತು. ಅದಕ್ಕೆ ಕಾರಣ ಹುಳವಲ್ಲ, ರೋಗವಲ್ಲ. ಒಂದು ಅಂಕಿ. ಆ ಅಂಕಿಯನ್ನು ಬರೆದವನು ನಾನು.

ನಾನು ಕೊಪ್ಪಳದವನು. ಮೂವತ್ತು ವರ್ಷ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಎಲೆಕ್ಟ್ರಾನಿಕ್ಸ್ ಕಲಿಸಿ, ಅದರಲ್ಲಿ ಹದಿನೆಂಟು ವರ್ಷ ಪ್ರಯೋಗಶಾಲೆಯ ಸಾಮಾನುಗಳ ಉಸ್ತುವಾರಿಯನ್ನೂ ಹೊತ್ತು ನಿವೃತ್ತನಾದವನು. ಉಸ್ತುವಾರಿ ಎಂದರೆ ಪ್ರತಿಯೊಂದನ್ನೂ ಎರಡು ರಿಜಿಸ್ಟರಿನಲ್ಲಿ ಬರೆಯುವುದು. ಒಂದು ಕಳೆದರೆ ಇನ್ನೊಂದಿರಲಿ ಎಂದು. ಹದಿನೆಂಟು ವರ್ಷದಲ್ಲಿ ಒಂದು ರಿಜಿಸ್ಟರೂ ಕಳೆಯಲಿಲ್ಲ. ಎರಡೂ ರಿಜಿಸ್ಟರುಗಳು ಒಂದೇ ಮಾತು ಹೇಳಿದ ವರ್ಷವೂ ಇರಲಿಲ್ಲ. ಇದರಿಂದ ನಾನು ಏನಾದರೂ ಕಲಿಯಬೇಕಿತ್ತು. ಕಲಿಸುವುದೇ ಕಸುಬಾದವನಿಗೆ ಕಲಿಯಲು ಪುರುಸೊತ್ತು ಎಲ್ಲಿಂದ ಬರಬೇಕು?

ನನ್ನ ಹಳೆಯ ಶಿಷ್ಯ ಈರಣ್ಣ ಕುಷ್ಟಗಿಯಲ್ಲಿ ಪಂಪ್‌ಸೆಟ್ ಸ್ಟಾರ್ಟರುಗಳ ರಿಪೇರಿ ಅಂಗಡಿ ಇಟ್ಟಿದ್ದ. ಆಗಲೇ ನಲವತ್ತು ದಾಟಿದವನು, ಎರಡು ಮಕ್ಕಳ ತಂದೆ. ಆದರೂ ನಾನು ಅಂಗಡಿಗೆ ಕಾಲಿಟ್ಟರೆ ಕುರ್ಚಿಯಿಂದ ಏಳುತ್ತಿದ್ದ. ಆ ಅಂಗಡಿಯಲ್ಲಿ ನಾವು ಮೂವರು ಸೇರಿ ಒಂದು ಡಬ್ಬಿ ಮಾಡಿದ್ದೆವು. ಕರೆಂಟು ಬಂದೊಡನೆ ಬೋರಿನ ಮೋಟರು ಚಾಲೂ ಮಾಡಿ, ದಾಳಿಂಬೆ ತೋಟದ ಒಂದೊಂದು ಪಟ್ಟಿಗೂ ಸರದಿಯ ಮೇಲೆ ವಾಲು ತೆರೆದು, ಹನಿ ನೀರು ಬಿಡುವ ಡಬ್ಬಿ. ಮೂರನೆಯವಳು ರೇಣುಕಾ. ಕನಕಗಿರಿಯವಳು, ನನ್ನ ಕೊನೆಯ ವರ್ಷದ ವಿದ್ಯಾರ್ಥಿನಿ, ಗಂಗಾವತಿಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ನೀರು ಬಿಡುವ ದೊಡ್ಡ ಪ್ರೋಗ್ರಾಂ ಅವಳದು. ಅದನ್ನು ಡಬ್ಬಿಯೊಳಗಿನ ಚಿಪ್ಪಿಗೆ ತುಂಬುವ ಕೆಲಸ ಈರಣ್ಣನದು. ಬೂಟ್‌ಲೋಡರ್ ನನ್ನದು.

ಬೂಟ್‌ಲೋಡರ್ ಎಂದರೇನೆಂದು ಹನುಮಸಾಗರದ ಹನುಮವ್ವನಿಗೆ ನಾನು ಹೇಳಿದ ರೀತಿಯಲ್ಲೇ ಇಲ್ಲೂ ಹೇಳುತ್ತೇನೆ. ಅದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಹನುಮವ್ವ ಐವತ್ತರ ಆಸುಪಾಸಿನ ಹೆಂಗಸು. ಎಂಟು ಪಟ್ಟಿ ದಾಳಿಂಬೆಯನ್ನು ತಾನೇ ನಿಂತು ಮಾಡುತ್ತಿದ್ದಳು. ಡಬ್ಬಿ ಕೂಡಿಸಿದ ದಿನ ಪಂಪಿನ ಕೋಣೆಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು ಕೇಳಿದಳು:

"ಮಾಸ್ತರ್ರ, ಕರೆಂಟ್ ಹೋಗಿ ಬಂದ್ರ ಈ ಡಬ್ಬಿ ಎಲ್ಲಾ ಮರೀತೈತೇನ್ರಿ?"

"ಮರೆಯೂದಿಲ್ಲವ್ವಾ. ಇದರಾಗ ಊರ ಚಾಕರಿ ಮಾಡೂ ಒಬ್ಬ ವಾಲೀಕಾರ ಅದಾನ. ಕರೆಂಟ್ ಬಂದ ಕೂಡ್ಲೆ ಮೊದಲ ಅವ ಏಳ್ತಾನ. ಎದ್ದು ಗೌಡ್ರ ಮನಿಗಿ ಹೋಗಿ ಬಾಗಿಲಾ ಬಡಿದು ಗೌಡ್ರನ್ನ ಎಬ್ಬಸ್ತಾನ. ಮುಂದಿನ ಕಾರಭಾರ ಎಲ್ಲಾ ಗೌಡ್ರದು. ವಾಲೀಕಾರ ಮತ್ತ ಮಲಗ್ತಾನ."

"ವಾಲೀಕಾರಗ ಗೌಡ್ರ ಮನಿ ಗೊತ್ತೈತಿ?"

"ವಿಳಾಸ ಬರದ ಕೊಟ್ಟೀನಿ."

"ಗೌಡ್ರು ಮನಿ ಬದಲಿ ಮಾಡಿದ್ರ?"

ನಾನು ನಕ್ಕೆ. "ಗೌಡ್ರು ಯಾಕ ಮನಿ ಬದಲಿ ಮಾಡ್ತಾರವ್ವಾ?"

ಆ ನಗೆಯನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುವ ಅವಕಾಶವಿದ್ದರೆ ಅರ್ಜಿ ಹಾಕುತ್ತಿದ್ದೆ, ಎರಡು ಪ್ರತಿಯಲ್ಲಿ.

ಅದೇ ದಿನ ಇನ್ನೊಂದು ಘನಕಾರ್ಯವನ್ನೂ ಮಾಡಿ ಬಂದಿದ್ದೆ. ಅವಳ ಪೈಪುಗಳಲ್ಲಿ ಡಬ್ಬಿಯ ವಾಲುಗಳ ಜೊತೆಗೆ ಕೈಯಿಂದ ತಿರುಗಿಸುವ ಹಳೆಯ ಗೇಟ್‌ವಾಲುಗಳೂ ಇದ್ದವು. ಯಾರಾದರೂ ಅರ್ಧ ತಿರುಗಿಸಿ ಬಿಟ್ಟರೆ ನೀರಿನ ಅಳತೆ ತಪ್ಪುತ್ತದೆಂದು ನನಗೆ ತಳಮಳ. "ಒಂದ ಪೈಪಿಗಿ ಎರಡು ವಾಲ್ ಯಾಕವ್ವಾ? ಇವನ್ನ ತಗಸಿಬಿಡು" ಎಂದೆ. ಅವಳು ಒಂದು ಗಳಿಗೆ ಯೋಚಿಸಿ, "ನೀವು ಹೇಳ್ತೀರಂದ್ರ ತಗಸ್ತೀನ್ರಿ" ಎಂದಳು. ಸುತ್ತಮುತ್ತ ನಮ್ಮ ಡಬ್ಬಿಗಳಿದ್ದ ತೋಟ ಒಟ್ಟು ಆರು. ಇದೇ ಉಪದೇಶವನ್ನು ಆರೂ ಕಡೆ ಮಾಡಿದ್ದೆ. ಐದು ಜನ ಹೂಂ ಎಂದು ತಲೆಯಾಡಿಸಿ ತೆಗೆಸದೆ ಬಿಟ್ಟರು. ಮಾಸ್ತರರ ಮಾತನ್ನು ನಿಜವಾಗಿ ಕೇಳಿದವಳು ಹನುಮವ್ವ ಒಬ್ಬಳೇ.

ಆ ವರ್ಷ ಅವಳ ಗಿಡಗಳು ಚಳಿಗಾಲದ ಕೊನೆಗೆ ಹೂ ಹಿಡಿದು, ಬೇಸಿಗೆಯನ್ನು ಬೋರಿನ ನೀರಲ್ಲಿ ಕಳೆದು, ಮುಂಗಾರಿನ ಹೊತ್ತಿಗೆ ಕೈತುಂಬ ಕಾಯಿ ಹೊತ್ತು ನಿಂತಿದ್ದವು. ಕೊಯ್ಲಿಗೆ ಮೂರು ವಾರ ಬಾಕಿ. ದಾಳಿಂಬೆಗೆ ಆ ಕೊನೆಯ ವಾರಗಳಲ್ಲಿ ನೀರು ಎಷ್ಟು ಎಂಬುದಕ್ಕಿಂತ ದಿನವೂ ಅಷ್ಟೇ ಎಂಬುದು ಮುಖ್ಯ. ಮೂರು ನಾಲ್ಕು ದಿನ ಒಣಗಿಸಿ ಆಮೇಲೆ ಒಮ್ಮೆಲೇ ನೀರು ಬಿದ್ದರೆ ಒಳಗಿನ ಕಾಳು ಉಬ್ಬುತ್ತದೆ, ಸಿಪ್ಪೆ ಹಿಗ್ಗುವುದಿಲ್ಲ, ಹಣ್ಣು ಸೀಳಿಕೊಳ್ಳುತ್ತದೆ. ಮೃಗಶಿರಾ ಮಳೆ ಎರಡು ಹನಿ ಉದುರಿಸಿ ಮಾಯವಾಗಿತ್ತು. ಮೋಡ ದಿನವೂ ಬಂದು ಮುಖ ತೋರಿಸಿ ಹೋಗುತ್ತಿತ್ತು. ಹೀಗೆ ಎಲ್ಲವೂ ಒಂದು ಹದದಲ್ಲಿ ನಿಂತಿದ್ದಾಗ, ಇದೇ ಸುಮುಹೂರ್ತವೆಂದು ನಾನು ನನ್ನ ಬೂಟ್‌ಲೋಡರನ್ನು ಸುಧಾರಿಸಲು ಕೂತೆ.

ಅದರಲ್ಲಿ ಕೊರತೆ ಏನಿತ್ತು? ಏನೂ ಇರಲಿಲ್ಲ. ಅದೇ ನನಗೆ ಸಹಿಸಲಾಗಲಿಲ್ಲ. ವಾಲೀಕಾರ ಗೌಡರನ್ನು, ಅಂದರೆ ರೇಣುಕಾಳ ಪ್ರೋಗ್ರಾಮನ್ನು, ಎಬ್ಬಿಸುವ ಮೊದಲು ಗೌಡರ ಆರೋಗ್ಯ ತಪಾಸಣೆ ಮಾಡಬೇಕು, ಪ್ರೋಗ್ರಾಂ ಎಲ್ಲಾದರೂ ಕೆಟ್ಟಿದ್ದರೆ ಎಬ್ಬಿಸದೆ ಕೆಂಪು ದೀಪ ಹಚ್ಚಿ ಕೂಡಬೇಕು ಎಂದು ನನಗೆ ಹೊಳೆಯಿತು. ಬರೆದೆ. ಬರೆದದ್ದು ಉದ್ದವಾಯಿತು. ವಾಲೀಕಾರನಿಗೆ ಚಿಪ್ಪಿನಲ್ಲಿ ಕೊಟ್ಟ ಜಾಗ ಸಾಲದೆ ಪಕ್ಕದ ಗೌಡರ ಅಂಗಳಕ್ಕೆ ಕಾಲು ಚಾಚಿದ. ಇನ್ನು ಗೌಡರೇ ಮುಂದೆ ಸರಿಯಬೇಕು. ಅಲ್ಲಿಯತನಕ ಅವರ ಮನೆ ನಾಲ್ಕು ಸಾವಿರದಲ್ಲಿತ್ತು. ಅದು ಎಂಟು ಸಾವಿರಕ್ಕೆ ಹೋಗಬೇಕು. (ಇವು ಕಂಪ್ಯೂಟರಿನವರ ಹದಿನಾರರ ಲೆಕ್ಕದ ಸಾವಿರಗಳು, ನಮ್ಮ ನಿಮ್ಮ ಸಾವಿರಗಳಲ್ಲ. ಓದುವವರಿಗೆ ಅದರಿಂದ ಬಾಧೆಯಿಲ್ಲ.)

ಇಲ್ಲಿಂದ ನನ್ನ ಸಂಕಟದ ಕಥೆ. ಈ ಒಂದು ವಿಳಾಸ ಮೂರು ಊರುಗಳಲ್ಲಿ ಮೂರು ಕಡೆ ಬರೆದಿಟ್ಟಿತ್ತು. ಕೊಪ್ಪಳದಲ್ಲಿ ನನ್ನ ಬೂಟ್‌ಲೋಡರಿನ ಸೆಟ್ಟಿಂಗಿನ ಫೈಲಿನಲ್ಲಿ, ಎಲ್ಲಿ ಹೋಗಿ ಎಬ್ಬಿಸಬೇಕೆಂದು. ಗಂಗಾವತಿಯಲ್ಲಿ ರೇಣುಕಾಳ ಫೈಲಿನಲ್ಲಿ, ತನ್ನ ಪ್ರೋಗ್ರಾಂ ಎಲ್ಲಿ ವಾಸಿಸುತ್ತದೆಂದು. ಕುಷ್ಟಗಿಯಲ್ಲಿ ಈರಣ್ಣನ ಲ್ಯಾಪ್‌ಟಾಪಿನಲ್ಲಿ, ಎಲ್ಲಿಗೆ ತುಂಬಬೇಕೆಂದು. ಮೂವರೂ ಒಂದೇ ಅಂಕಿ ಹೇಳಿದರೆ ಡಬ್ಬಿ ಏಳುತ್ತದೆ. ಒಬ್ಬರು ಬೇರೆ ಹೇಳಿದರೆ ಏಳುವುದಿಲ್ಲ. ಏಕೆ ಏಳಲಿಲ್ಲ ಎಂದು ಹೇಳುವುದೂ ಇಲ್ಲ.

ರೇಣುಕಾ ಫೋನಿನಲ್ಲಿ ಕೇಳಿದಳು: "ಸರ್, ಈಗ ಛಲೋ ನಡದೈತಲ್ರಿ. ಕೊಯ್ಲು ಮುಗಿದ ಮ್ಯಾಲ ಬದಲಿ ಮಾಡೂಣಲ್ರಿ?"

"ಶಿಸ್ತು ಅನ್ನೂದು ಕೊಯ್ಲು ನೋಡಿ ಬರೂದಿಲ್ಲಮ್ಮಾ" ಎಂದೆ. ಇಂಥ ಮಾತುಗಳನ್ನು ನಾನು ತರಗತಿಯಲ್ಲಿ ಬಹಳ ಹೇಳಿದ್ದೇನೆ. ಅಲ್ಲಿ ಅವುಗಳಿಂದ ಯಾರ ಬೆಳೆಯೂ ಹಾಳಾಗುತ್ತಿರಲಿಲ್ಲ.

ನಾನು ಹೊಸ ಅಂಕಿ ಘೋಷಿಸಿದ ದಿನ ಮಣ್ಣೆತ್ತಿನ ಅಮಾವಾಸ್ಯೆ. ಈರಣ್ಣನಿಗೆ ಫೋನು ಮಾಡಿ, ಈಗಲೇ ಬದಲಿಸು ಎಂದೆ.

"ಸರ್ರ, ಇವತ್ತ ಅಮಾಸಿ ಐತಲ್ರಿ. ಮಷೀನ್ ಎಲ್ಲಾ ತೊಳದು ಪೂಜಿ ಮಾಡೀನಿ. ಲ್ಯಾಪ್‌ಟಾಪಿನ ಮ್ಯಾಲ ಎತ್ತು ಕುಂತಾವ್ರಿ."

"ಏನು ಕುಂತಾವ?"

"ಮಣ್ಣಿನ ಎತ್ರಿ. ಜೋಡಿ. ನನ್ನ ಮಗಳು ಮಾಡ್ಯಾಳ. ಇಳಸಾಕ ಬರೂದಿಲ್ರಿ ಇವತ್ತ. ನಾಳಿ ಮುಂಜಾನಿ ಮೊದಲ ಕೆಲಸ ಇದ ಮಾಡ್ತೀನಿ."

ಒಂದು ಅಂಕಿ ಬದಲಿಸಲು ಎರಡು ಮಣ್ಣಿನ ಎತ್ತುಗಳ ಅಪ್ಪಣೆಗೆ ಕಾಯಬೇಕಾದ ವಿಜ್ಞಾನದ ಸ್ಥಿತಿಯ ಬಗ್ಗೆ ನಾನು ಅವನಿಗೆ ಕಾಲು ಗಂಟೆ ಉಪನ್ಯಾಸ ಕೊಟ್ಟೆ. ಅವನು "ಹೌದ್ರಿ ಸರ್ರ, ಖರೇ ಐತ್ರಿ" ಎನ್ನುತ್ತ ಕೇಳಿದ. ಎತ್ತುಗಳನ್ನು ಮಾತ್ರ ಇಳಿಸಲಿಲ್ಲ. ನಾನು ಅವನಿಗೆ ತೋರಿಸಲೆಂದೇ ಆ ಅಮಾವಾಸ್ಯೆಯ ನಡುಮಧ್ಯಾಹ್ನ, ಇನ್ನಷ್ಟು ಅಶುಭವಾಗಲೆಂದು ರಾಹುಕಾಲ ನೋಡಿಕೊಂಡು, ನನ್ನ ಫೈಲಿನಲ್ಲಿ ನಾಲ್ಕನ್ನು ಅಳಿಸಿ ಎಂಟು ಬರೆದೆ. ಮನೆಯಲ್ಲಿದ್ದ ನನ್ನ ಪರೀಕ್ಷೆಯ ಡಬ್ಬಿಗೆ ತುಂಬಿ, ಹತ್ತು ಸಲ ಕರೆಂಟು ಆರಿಸಿ ಹಚ್ಚಿ ನೋಡಿದೆ. ಹತ್ತೂ ಸಲ ಹಸಿರು ದೀಪ. ಎದೆಯುಬ್ಬಿಸಿ ಊಟಕ್ಕೆ ಕೂತೆ.

ಎರಡು ದಿನ ಬಿಟ್ಟು ಈರಣ್ಣ ಲ್ಯಾಪ್‌ಟಾಪು ಕಟ್ಟಿಕೊಂಡು ಬೈಕಿನಲ್ಲಿ ಹೊರಟ. ಅಂದು ಮುಂಜಾನೆಯಿಂದ ಮಧ್ಯಾಹ್ನದವರೆಗೆ ತ್ರೀ ಫೇಸ್ ಕರೆಂಟಿನ ಪಾಳಿ. ಅಷ್ಟರೊಳಗೆ ಆರೂ ತೋಟ ಸುತ್ತಿ, ಕೇಬಲ್ ಹಚ್ಚಿ, ಬೂಟ್‌ಲೋಡರನ್ನೂ ಪ್ರೋಗ್ರಾಮನ್ನೂ ಹೊಸದಾಗಿ ತುಂಬಿ, ಹಸಿರು ದೀಪ ನೋಡಿ ಮುಚ್ಚಳ ಹಾಕಿ ಬಂದ. "ಎಲ್ಲಾ ಫಸ್ಟ್ ಕ್ಲಾಸ್ ಐತ್ರಿ ಸರ್ರ" ಎಂದ. ಪಾಳಿ ಮುಗಿದು ಕರೆಂಟು ಹೋಯಿತು. ಮರುದಿನ ಮುಂಜಾನೆ ಬಂತು. ಆರು ಡಬ್ಬಿಗಳಲ್ಲಿ ಒಂದೂ ಏಳಲಿಲ್ಲ. ಎಲ್ಲ ಕಡೆ ಕೆಂಪು ದೀಪ.

ಐದು ತೋಟದವರು ಡಬ್ಬಿಗೆ ನಾಲ್ಕು ಮಾತು ಬೈದು, ತೆಗೆಸದೆ ಬಿಟ್ಟಿದ್ದ ಗೇಟ್‌ವಾಲುಗಳನ್ನು ತಿರುಗಿಸಿ ನೀರು ಬಿಟ್ಟುಕೊಂಡರು. ಹನುಮವ್ವನ ಪೈಪುಗಳಲ್ಲಿ ತಿರುಗಿಸಲು ಏನೂ ಇರಲಿಲ್ಲ. ಡಬ್ಬಿಯ ವಾಲುಗಳಿಗೆ ಕೈಯಿಂದ ಬಿಚ್ಚುವ ಸಣ್ಣದೊಂದು ತಿರುಪು ಇರುತ್ತದೆ. ಬೋರಿನ ಗಡಸು ನೀರಿಗೆ ಅದು ಸುಣ್ಣಗಟ್ಟಿ ಗೋಡೆಗೆ ಬಡಿದ ಮೊಳೆಯ ಹಾಗೆ ಕೂತಿತ್ತು.

ಅವಳು ನನಗೇ ಫೋನು ಮಾಡಿದಳು. "ಮಾಸ್ತರ್ರ, ವಾಲೀಕಾರ ಎದ್ದಿಲ್ರಿ."

"ಸಂಜಿತನಾ ತಡಿಯವ್ವಾ. ಎಲ್ಲಿ ತಪ್ಪೈತಿ ನನಗ ಗೊತ್ತೈತಿ" ಎಂದೆ.

ನನಗೆ ಗೊತ್ತಿತ್ತು. ಎತ್ತುಗಳು! ಅಮಾವಾಸ್ಯೆ ದಾಟಿಸಿ ಮಾಡಿದ ಕೆಲಸ. ಈರಣ್ಣ ಅಂಕಿ ಬದಲಿಸುವುದನ್ನೇ ಮರೆತಿದ್ದಾನೆ. ಅವನಿಗೆ ಫೋನು ಹಚ್ಚಿ ವಿಚಾರಣೆ ನಡೆಸಿದೆ. ಅವನು ತನ್ನ ಅಂಕಿ ಓದಿ ಹೇಳಿದ: ಎಂಟು ಸಾವಿರ. ಇನ್ನೊಮ್ಮೆ ಓದು ಎಂದೆ. ಇನ್ನೊಮ್ಮೆ ಓದಿದ. ಫೋಟೋ ತೆಗೆದು ಕಳಿಸು ಎಂದೆ. ಕಳಿಸಿದ. ಎಂಟು ಸಾವಿರವೇ. ಹಾಗಾದರೆ ತಪ್ಪು ರೇಣುಕಾಳದು. ಅವಳು ತರಗತಿ ಮುಗಿಸಿ ಬರುವುದರೊಳಗೆ ಹೊತ್ತು ಹೋಯಿತು. ಬಂದು ನೋಡಿದಳು. ಎಂಟು ಸಾವಿರ.

"ಸರ್ರ," ಈರಣ್ಣ ಅಂದ, "ಸದ್ಯಕ್ಕ ಹಳೇದನ್ನ ತುಂಬಿ ಬಿಡ್ಲೇನ್ರಿ? ನೀರಾರ ಹೋಗ್ತಾವ. ತಪ್ಪು ಆಮ್ಯಾಲ ಹುಡುಕೂಣ."

ಇದಕ್ಕೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲು ಪೆನ್ನು ಹಿಂಜರಿಯುತ್ತಿದೆ. "ಹಿಂದಕ್ಕ ಹೋಗೂ ಪ್ರಶ್ನೆನೇ ಇಲ್ಲ ಈರಣ್ಣಾ. ತಪ್ಪು ಯಾರದೂ ಅಂತ ಮೊದಲ ಗೊತ್ತಾಗ್ಲಿ."

ಎರಡನೆಯ ದಿನ ಈರಣ್ಣ ತಾನೇ ಹನುಮಸಾಗರಕ್ಕೆ ಹೋಗಿ ಕೇಬಲ್ ಹಚ್ಚಿ ಮತ್ತೆ ತುಂಬಿದ. ದೀಪ ಹಸಿರಾಯಿತು, ಒಂದು ಪಟ್ಟಿಗೆ ನೀರು ಹೋಗತೊಡಗಿತು. ಅವನು ಬೈಕು ಹತ್ತಿ ಊರು ದಾಟುವುದರೊಳಗೆ ಕರೆಂಟು ಹೋಗಿ ಬಂತು. ಕೆಂಪು ದೀಪ. ಹನುಮವ್ವನಿಂದ ಸುದ್ದಿ ತಿಳಿದು ಅವನು ದಾರಿಯಲ್ಲೇ ನಿಂತು ನನಗೆ ಫೋನು ಮಾಡಿದ. ಗುರುವಿನ ಮುಂದೆ ಶಿಷ್ಯ ಎಷ್ಟು ಬಗ್ಗಿ ಮಾತಾಡಬಹುದೋ ಅಷ್ಟು ಬಗ್ಗಿ ಕೇಳಿದ:

"ಸರ್ರ, ತಪ್ಪ ತಿಳೀಬ್ಯಾಡ್ರಿ. ನಾ ಕೇಬಲ್ ಹಚ್ಚಿ ತುಂಬಿದಾಗ ನನ್ನ ಲ್ಯಾಪ್‌ಟಾಪ್ ಸೀದಾ ಹೋಗಿ ಗೌಡ್ರನ್ನ ಎಬ್ಬಸತೈತಿ. ಎದ್ದು ಕೆಲಸ ಮಾಡ್ತಾರ. ಕರೆಂಟ್ ಹೋಗಿ ಬಂದ್ರ ಏಳೂದಿಲ್ಲ. ಕರೆಂಟ್ ಬಂದಾಗ ಎಬ್ಬಸಾಂವ ಯಾರ್ರೀ?"

"ವಾಲೀಕಾರ."

"ಹೌದಲ್ರಿ" ಎಂದ.

ಆ ಒಂದು ಮಾತಿನಲ್ಲಿ ಉತ್ತರ ಪೂರ್ತಿ ಇತ್ತು. ಅದನ್ನು ಕೇಳುವ ಕಿವಿ ನನಗಿರಲಿಲ್ಲ. "ನಂದನ್ನ ಹತ್ತು ಸಲ ಆರಿಸಿ ಹಚ್ಚಿ ನೋಡೀನಿ ಈರಣ್ಣಾ. ಹತ್ತು ಸಲ! ನೀವಿಬ್ರೂ ನಿಮ್ಮ ನಿಮ್ಮ ಅಂಕಿ ಬರದು, ಸಹಿ ಮಾಡಿ ಕಳಸ್ರಿ" ಎಂದೆ. ಕಳಿಸಿದರು. ರೇಣುಕಾಳ ಸಹಿಯ ಕೆಳಗೆ 'ಸರ್, ನಿಮ್ಮದೂ ಒಮ್ಮೆ ನೋಡಿರಿ' ಎಂದು ಸಣ್ಣಕ್ಷರದಲ್ಲಿತ್ತು. ವಿದ್ಯಾರ್ಥಿಗಳು ಕೈತಪ್ಪಿ ಹೋದರೆಂದು ಅಂದು ಸಂಜೆ ಹೆಂಡತಿಯ ಮುಂದೆ ನೊಂದುಕೊಂಡೆ.

ಅಂದೂ ಹನುಮವ್ವನ ಫೋನು ಬಂದಿತ್ತು. "ಪೈಪ್ ಕೊಯ್ದು ನೀರ ಬಿಡ್ಲೇನ್ರಿ ಮಾಸ್ತರ್ರ? ಎಲಿ ಬಾಡಾಕ ಹತ್ಯಾವ."

"ಬ್ಯಾಡವ್ವಾ, ಕೊಯ್ದ್ರ ಮತ್ತ ಕೂಡಸಾಕ ವಾರ ಬೇಕು. ನಾಳಿ ನಾನ ಬರ್ತೀನಿ. ಒಂದು ದಿನ ತಡಿ."

ಮೂರನೆಯ ದಿನ ಕೊಪ್ಪಳದಿಂದ ಕುಷ್ಟಗಿಗೆ ಬಸ್ಸಿನಲ್ಲಿ ಹೋದೆ. ಅಲ್ಲಿ ಈರಣ್ಣ ವಗ್ಗರಣಿ ಮಿರ್ಚಿ ತಿನ್ನಿಸಿ, ಬೈಕಿನ ಹಿಂದೆ ಕೂಡಿಸಿಕೊಂಡು ಹನುಮಸಾಗರದ ದಾರಿ ಹಿಡಿದ. ಪಡುವಣದಲ್ಲಿ ಮೋಡ ಕಪ್ಪಾಗಿ ಕೂತಿತ್ತು. ಆ ದಿನ ಮುಖ ತೋರಿಸಿ ಹೋಗುವ ಲಕ್ಷಣ ಕಾಣಲಿಲ್ಲ.

ಹನುಮವ್ವ ಪಂಪಿನ ಕೋಣೆಯ ಮೆಟ್ಟಿಲ ಮೇಲೆ ಕೂತಿದ್ದಳು. ತೊಡೆಯ ಮೇಲೆ ಪೈಪು ಕೊಯ್ಯುವ ಗರಗಸ.

"ಬರ್ರಿ ಮಾಸ್ತರ್ರ. ಇವತ್ತಿನ ಪಾಳಿ ಮುಗಿಯೂತನಾ ನೋಡ್ತೀನಿ. ಆಮ್ಯಾಲ ನೀವು ಬ್ಯಾಡಂದ್ರೂ ಕೊಯ್ಯಾಕಿ ನಾನು." ಮುಗಿಲ ಕಡೆ ಗದ್ದ ಎತ್ತಿ ತೋರಿಸಿದಳು. "ನನಗ ಬಿಸಲಿಂದು ಅಂಜಿಕಿಲ್ರಿ. ಒಣಗಿದ ಗಿಡದ ಮ್ಯಾಲ ಅದು ಬಂದು ಸುರೀತಂದ್ರ ಮುಗೀತ."

ನಾನು ಡಬ್ಬಿಯ ಮುಚ್ಚಳ ತೆಗೆದೆ. ಕೆಂಪು ದೀಪ ಶಾಂತವಾಗಿ ಉರಿಯುತ್ತಿತ್ತು. ನನ್ನ ಕಡೆ ತಪ್ಪಿಲ್ಲವೆಂದು ಅವಳಿಗಾದರೂ ತಿಳಿಯಲಿ ಎಂದು ಮೊಬೈಲಿನಲ್ಲಿ ನನ್ನ ಮನೆಯ ಡಬ್ಬಿಯ ಫೋಟೋ ತೆಗೆದು ಹಿಡಿದೆ. "ನೋಡವ್ವಾ, ಇದು ನಮ್ಮ ಮನ್ಯಾಗಿಂದು. ಇದ ವಾಲೀಕಾರ, ಇದ ಗೌಡ. ಹ್ಯಾಂಗ ಹಸರ ದೀಪ ಹಚಗೊಂಡು ಕುಂತೈತಿ ನೋಡು."

ಅವಳು ಫೋಟೋ ನೋಡಿದಳು. ಡಬ್ಬಿ ನೋಡಿದಳು. ಮತ್ತೆ ಫೋಟೋ ನೋಡಿದಳು.

"ನಿಮ್ಮದರಾಗ ಲೈಟ್ ಬಲಕ್ಕ ಐತಿ. ನಮ್ಮದರಾಗ ಎಡಕ್ಕ ಐತಲ್ರಿ. ಎರಡೂ ಒಂದ ನಮೂನಿ ಡಬ್ಬಿ ಹೌದಲ್ಲೋ?"

ಈರಣ್ಣ ಮೆಲ್ಲಗೆ, "ಸರ್ ಮನ್ಯಾಗಿಂದು ಹಳೇ ಬೋರ್ಡ್ ಯವ್ವಾ. ತೋಟದಾಗ ಇರೂವೆಲ್ಲಾ ಹೊಸಾವ" ಎಂದ.

ಹೊಸ ಬೋರ್ಡು ಮಾಡಿದಾಗ ದೀಪದ ಜಾಗ ಬದಲಾಗಿತ್ತು. ಬದಲಾದದ್ದು ಅದೊಂದೇ. ಆದರೆ ಉಸ್ತುವಾರಿಯ ಹದಿನೆಂಟು ವರ್ಷ ಕೈಯಿಂದ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ನಾನು ಸೆಟ್ಟಿಂಗಿನ ಫೈಲಿನಲ್ಲಿ ಆ ಒಂದು ಸಾಲು ಬದಲಿಸುವ ಬದಲು, ಇಡೀ ಸೆಟ್ಟಿಂಗನ್ನು ಮೊದಲಿಂದ ಕೊನೆಯತನಕ ನಕಲು ಮಾಡಿ ಕೆಳಗೆ ಅಂಟಿಸಿದ್ದೆ. ಮೇಲಿನದು ಹಳೆಯ ಬೋರ್ಡಿಗೆ, ಕೆಳಗಿನದು ಹೊಸ ಬೋರ್ಡಿಗೆ. ಗೌಡರ ವಿಳಾಸ ಎರಡರಲ್ಲೂ ಇತ್ತು. ಅಮಾವಾಸ್ಯೆಯ ದಿನ ರಾಹುಕಾಲ ನೋಡಿ ನಾನು ತಿದ್ದಿದ್ದು ಮೇಲಿನದನ್ನು. ಹತ್ತು ಸಲ ಪರೀಕ್ಷಿಸಿದ್ದೂ ಮೇಲಿನದನ್ನೇ.

ಲ್ಯಾಪ್‌ಟಾಪು ಬಿಚ್ಚಿ ಫೈಲಿನ ತಳಕ್ಕೆ ಇಳಿದೆ. ನಾಲ್ಕು ಸಾವಿರ ಅಲ್ಲಿ ಕೂತಿತ್ತು, ಯಾರೂ ಬಂದು ಮಾತಾಡಿಸದ ಹಳೆಯ ಗುಮಾಸ್ತನ ಹಾಗೆ. ಅದರ ಮೇಲಿನ ಸಾಲಿನಲ್ಲಿ ನನ್ನದೇ ಒಂದು ಟಿಪ್ಪಣಿ. ಈರಣ್ಣ ಹೆಗಲ ಮೇಲಿಂದ ಬಗ್ಗಿ, ಶಾಲೆಯಲ್ಲಿ ಪಾಠ ಓದುವವನಂತೆ ಗಟ್ಟಿಯಾಗಿ ಓದಿದ:

"'ಮೇಲಿನ ವಿಳಾಸ ಬದಲಾದ ಪಕ್ಷದಲ್ಲಿ ಇದನ್ನೂ ತಪ್ಪದೆ ಬದಲಾಯಿಸತಕ್ಕದ್ದು.' ಕೆಳಗ ನಿಮ್ಮ ಸಹಿ ಐತ್ರಿ ಸರ್ರ."

ಓದಿ ಮುಗಿಸಿದ ಮೇಲೆ, ಓದಬಾರದಿತ್ತೇನೋ ಎನ್ನುವಂತೆ ಹಿಂದೆ ಸರಿದು ನಿಂತ. ಹನುಮವ್ವ ಗರಗಸವನ್ನು ಮೆಟ್ಟಿಲ ಮೇಲಿಟ್ಟಳು, ಅಷ್ಟೆ.

ಮೂರು ದಿನ ಹುಡುಕಿದ ತಪ್ಪನ್ನು ತಿದ್ದಲು ಒಂದು ಬೆರಳು ಸಾಕಾಯಿತು. ತುಂಬಿದೆ. ಹಸಿರು ದೀಪ. "ಇದು ಕೇಬಲಿನ ಹಸರು. ಇದನ್ನ ನಂಬೂದಿಲ್ಲ" ಎಂದು ಹನುಮವ್ವ ತಾನೇ ಎದ್ದು ಬಂದು ಕೇಬಲ್ ಕೀಳಿಸಿ, ಗೋಡೆಯ ಮೇನ್ ಸ್ವಿಚ್ಚು ಕೆಳಗೆಳೆದು, ಮನಸ್ಸಿನಲ್ಲೇ ಏನೋ ಎಣಿಸಿ, ಮತ್ತೆ ಮೇಲೆತ್ತಿದಳು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಹಸಿರು. ಎರಡನೆಯ ಸಲ ಇಳಿಸಿದಳು. ಹಸಿರು. ಮೂರನೆಯ ಸಲ. ಹಸಿರು. ಮೋಟರು ಗುರ್ ಎಂದಿತು, ವಾಲು ಟಕ್ಕೆಂದಿತು, ಮೊದಲನೆಯ ಪಟ್ಟಿಯ ಪೈಪುಗಳು ನೀರು ತುಂಬಿ ಸೆಟೆದು ಸರಿದಾಡಿದವು. ನನ್ನ ಹತ್ತು ಪರೀಕ್ಷೆಗಳಿಗಿಂತ ಅವಳ ಮೂರು ಪರೀಕ್ಷೆ ಮೇಲಾಗಿದ್ದವು. ಕಾರಣ ಸರಳ. ಅವಳು ಪರೀಕ್ಷಿಸಿದ್ದು ತೋಟದಲ್ಲಿರುವ ಡಬ್ಬಿಯನ್ನು.

ಪಾಳಿ ಮುಗಿಯುವುದರೊಳಗೆ ನಾಲ್ಕು ಪಟ್ಟಿಗೆ ನೀರು ಹೋಯಿತು. ಮರುದಿನ ಇನ್ನೆರಡಕ್ಕೆ ಹೋಯಿತು. ಪಡುವಣ ಅಂಚಿನ ಕೊನೆಯ ಎರಡು ಪಟ್ಟಿಯ ಸರದಿ ಬರುವ ಮೊದಲೇ ಮಳೆ ಬಂತು. ಆ ವರ್ಷದ ಮೊದಲ ಮಳೆ ಎನ್ನಬಹುದಾದ ಮಳೆ. ಕೊಪ್ಪಳದ ನನ್ನ ಮನೆಯ ಜಗಲಿಯ ಮೇಲೆ ನಿಂತು ಓಣಿಯವರೆಲ್ಲ ಕೈ ಚಾಚಿ ಹಿಗ್ಗಿದರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಎರಡು ದಿನದ ಮೇಲೆ ಈರಣ್ಣ ಫೋನಿನಲ್ಲಿ, "ಸರ್ರ, ಕಡೀ ಎರಡು ಪಟ್ಟಿ ಬಿರದಾವ್ರಿ" ಎಂದ.

ಹೋದೆ. ಹೋಗದೆ ಇರುವುದು ಸುಲಭವಿತ್ತು. ಎರಡು ಬಸ್ಸು ತಪ್ಪಿಸಿಕೊಂಡು ಮೂರನೆಯದಕ್ಕೆ ಹೋದೆ. ಹನುಮವ್ವ ಗಿಡದ ಸಾಲಿನಲ್ಲಿ ಕೂತು, ಬಿರಿದ ಹಣ್ಣನ್ನೆಲ್ಲ ಕಿತ್ತು ಬುಟ್ಟಿಗೆ ಹಾಕುತ್ತಿದ್ದಳು. ಬಿಟ್ಟರೆ ಹುಳ ಕೂತು ಉಳಿದ ಹಣ್ಣಿಗೂ ಹತ್ತುತ್ತದೆ. ಒದ್ದೆ ನೆಲದ ಮೇಲೆ, ಗಿಡದ ಮೇಲೆ, ಎಲ್ಲೆಲ್ಲೂ ಕೆಂಪು ಬಾಯಿಗಳು. ಆ ಹುಳಿ ವಾಸನೆ.

"ತಪ್ಪು ನಂದು ಹನುಮವ್ವಾ" ಎಂದೆ. "ಈರಣ್ಣಂದಲ್ಲ. ಆ ಹುಡುಗಿದೂ ಅಲ್ಲ."

"ಗೊತ್ತೈತ್ರಿ. ಆವತ್ತ ಈರಣ್ಣ ಓದಿದ್ನಲ್ಲ." ಅವಳು ಕೈ ನಿಲ್ಲಿಸಲಿಲ್ಲ. "ಮೊದಲನೇ ದಿನಾನ ಪೈಪ್ ಕೊಯ್ಯಾಕಿ ಇದ್ದೆ ನಾನು. ನೀವು ತಡಿ ಅಂದ್ರಿ. ತಡದೆ. ಮರುದಿನಾನೂ ತಡಿ ಅಂದ್ರಿ. ಮತ್ತ ತಡದೆ."

ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ನಾನೂ ಕೀಳತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಕೇಳಿದಳು:

"ಅಲ್ರಿ, ಆ ಗೌಡ್ರ ವಿಳಾಸ ಒಟ್ಟ ಎಷ್ಟ ಕಡಿ ಬರದಿದ್ರಿ?"

"ನಾಕ ಕಡಿ."

"ಒಂದ ವಿಳಾಸ, ನಾಕ ಕಡಿ." ಬುಟ್ಟಿಗೆ ಇನ್ನೊಂದು ಹಣ್ಣು ಬಿತ್ತು. "ನನ್ನ ವಾಲ್ ಮಾತ್ರ ಎರಡ್ಯಾಕ, ಒಂದ ಸಾಕಂದ್ರಿ. ಉಲ್ಟಾ ಆಗಬೇಕಿತ್ತಲ್ರಿ ಮಾಸ್ತರ್ರ?"

ಮೂವತ್ತು ವರ್ಷದ ಸೇವೆಯಲ್ಲಿ ಯಾವ ತಪಾಸಣಾಧಿಕಾರಿಯೂ ನನ್ನ ಬಗ್ಗೆ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ವರದಿ ಕೊಟ್ಟಿರಲಿಲ್ಲ.

ಅದೇ ವಾರ ಎಂಟೂ ಪಟ್ಟಿಗೆ ಗೇಟ್‌ವಾಲು ಮತ್ತೆ ಕೂತವು. ಈರಣ್ಣ ನಿಂತು ಕೂಡಿಸಿದ, ನಾನು ನಟ್ಟು ಬಿಗಿಯುವ ಪಾನಾ ಹಿಡಿದು ಪಕ್ಕದಲ್ಲಿದ್ದೆ. ಉಳಿದ ಆರು ಪಟ್ಟಿಯ ಹಣ್ಣು ಗಟ್ಟಿಯಾಗಿ ನಿಂತು, ಆಷಾಢದಲ್ಲಿ ಕೊಯ್ಲಾಗಿ ಹೋಯಿತು. ಆಮೇಲೆ ಒಂದು ಭಾನುವಾರ ಮೂವರೂ ಕುಷ್ಟಗಿಯ ಅಂಗಡಿಯಲ್ಲಿ ಕೂತು, ವಿಳಾಸವನ್ನು ಒಂದೇ ಒಂದು ಫೈಲಿನಲ್ಲಿ ಬರೆದು, ಉಳಿದವರೆಲ್ಲ ಅಲ್ಲಿಂದಲೇ ಓದಿಕೊಳ್ಳತಕ್ಕದ್ದು ಎಂದು ತೀರ್ಮಾನಿಸಿದೆವು. ಇಷ್ಟು ಸಣ್ಣ ಮಾತಿಗೆ ಇಡೀ ದಿನ ಹಿಡಿಯಿತು, ಏಕೆಂದರೆ ಆ ಒಂದು ಫೈಲು ಯಾರ ಬಳಿ ಇರಬೇಕೆಂಬ ಪ್ರಶ್ನೆ ಎದ್ದಿತು. ಹಿರಿಯನಾದ ನನ್ನ ಬಳಿ ಇರಲೆಂದು ನಾನು ಸೂಚಿಸಿದೆ. ಯಾರೂ ಅನುಮೋದಿಸಲಿಲ್ಲ. ಫೈಲು ರೇಣುಕಾಳ ಬಳಿ ಹೋಯಿತು. ಕಳೆದುಹೋದರೆ ಇರಲಿ ಎಂದು ನಾನೊಂದು ಪ್ರತಿ ಇಟ್ಟುಕೊಳ್ಳಲೇ ಎಂದು ಕೇಳಿದ್ದಕ್ಕೆ ಇಬ್ಬರೂ ಒಟ್ಟಿಗೆ "ಬ್ಯಾಡ್ರಿ ಸರ್" ಎಂದರು. ಅಮಾವಾಸ್ಯೆಯನ್ನು ನಾನು ಈಗಲೂ ನಂಬುವುದಿಲ್ಲ. ಆ ದಿನ ಕಂಪ್ಯೂಟರು ಮುಟ್ಟುವುದಿಲ್ಲ, ಅದು ಬೇರೆ ವಿಷಯ.

ಹನುಮವ್ವ ಹಾಕಿದ ಶರತ್ತು ಒಂದೇ. ಕರೆಂಟು ಬಂದು ಡಬ್ಬಿ ಎದ್ದರೆ ಅವಳು ನನಗೆ ಎರಡು ರಿಂಗು ಕೊಟ್ಟು ಕಟ್ ಮಾಡುತ್ತಾಳೆ, ನಾನು ಎತ್ತಬಾರದು. ಏಳದಿದ್ದರೆ ಎರಡಕ್ಕೆ ನಿಲ್ಲುವುದಿಲ್ಲ, ನಾನು ಎತ್ತುವತನಕ ಬಾರಿಸುತ್ತಲೇ ಇರುತ್ತಾಳೆ. "ನೀವು ಎಲ್ಲೇ ಇರ್ರಿ, ದಿನಾ ಒಂದ ಸಲ ನೆನಪಾಗ್ಲಿ" ಎಂದಿದ್ದಳು. ಆ ಕೊಯ್ಲು ಮುಗಿಯುವವರೆಗಿನ ಮಾತಿರಬಹುದೆಂದು ನಾನು ತಿಳಿದಿದ್ದೆ. ಅಲ್ಲಿಂದೀಚೆಗೆ ನಾಲ್ಕು ಕೊಯ್ಲು ಆದವು. ಡಬ್ಬಿ ಒಂದು ದಿನವೂ ತಪ್ಪಿಸಿಲ್ಲ. ಅವಳೂ ತಪ್ಪಿಸಿಲ್ಲ. ಮದುವೆ ಮನೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಒಮ್ಮೆ ಒಬ್ಬರ ಸಂತಾಪ ಸಭೆಯಲ್ಲಿ ನಾನೇ ಮಾತಾಡುತ್ತಿದ್ದಾಗ, ನನ್ನ ಜೇಬು ಎರಡು ಸಲ ಬಾರಿಸಿ ನಿಂತಿದೆ.

ಮೊನ್ನೆ ಕುಷ್ಟಗಿಯಲ್ಲಿ ತಳ್ಳುಗಾಡಿಯವನು, "ತಗೋರಿ ಯಜಮಾನ್ರ, ಬಿರದಿದ್ದ ಭಾಳ ಸೀ ಇರ್ತಾವ" ಎಂದು ಒಂದು ಹಣ್ಣನ್ನು ಮುಂದೆ ಹಿಡಿದ. ಎಲ್ಲಿಯ ಹಣ್ಣೆಂದು ಕೇಳಿದೆ. ಹನುಮಸಾಗರದ ಕಡೆಯದು ಎಂದ. ಯಾರ ತೋಟದ್ದೆಂದು ಕೇಳುವಷ್ಟರಲ್ಲಿ ಜೇಬಿನಲ್ಲಿ ಫೋನು ಬಾರಿಸಿತು. ಹಣ್ಣು ಕೈಯಲ್ಲೇ ಇತ್ತು. ಒಂದು. ಎರಡು. ಗಾಡಿಯವನು, ಎದುರಿನ ಚಹಾದಂಗಡಿ, ಆಗತಾನೆ ತಿರುವಿನಲ್ಲಿ ಕಂಡ ಯಲಬುರ್ಗಾದ ಬಸ್ಸು, ಎಲ್ಲವೂ ಒಂದು ಗಳಿಗೆ ನಿಂತವು.

ಮೂರನೆಯದು ಬರಲಿಲ್ಲ.